ಮೂವತ್ತು ಸುತ್ತಿನ ಬಲ

“ಗುರುಗಳೇ, ಕೆಳಗಿಳಿದವನ ಬಲವೂ ಕುಗ್ಗುವುದಿಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಮಠದ ದೊಡ್ಡ ಸಭೆಯಲ್ಲಿ ಪ್ರವಚನ ಮಾಡುತ್ತಿದ್ದ ಅವನನ್ನು ಹಿಂದಿನ ದಿನವಷ್ಟೇ ಗುರುಗಳು ಹನ್ನೊಂದು ಮಂದಿ ಕೂಲಿಯವರಿಗೆ ಅಕ್ಷರ ಕಲಿಸಲು ಹಾಕಿದ್ದರು. ಅವನ ಮುಖ ಊದಿಕೊಂಡಿತ್ತು. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವುದು ಅವನ ಕೆಲಸ. ಆ ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಲೋಕದ ಲೆಕ್ಕವೆಲ್ಲ ತನಗೆ ಗೊತ್ತೆಂಬ ಠೇಂಕಾರವೂ ಕೊಂಚ ಇತ್ತು. ಒಂದು ಬೆಳಿಗ್ಗೆ ತೂಬಿನ ಬಾಗಿಲನ್ನು ಎತ್ತಿ ಇಳಿಸುವ ಕಬ್ಬಿಣದ ಸರಳು ಮುರಿಯಿತು. ಬಾಗಿಲು ಮೇಲೆಯೇ ಸಿಕ್ಕಿಕೊಂಡಿತು, ಕೆರೆ ಬರಿದಾಗತೊಡಗಿತು. ಸಂಜೆಯೊಳಗೆ ನಿಲ್ಲಿಸದಿದ್ದರೆ ತೆನೆ ಕಟ್ಟುತ್ತಿದ್ದ ಪೈರಿಗೆ ನೀರಿಲ್ಲ. ನೀರುಗಂಟಿ ಮುರಿದ ಸರಳನ್ನು ಹೆಗಲಿಗೇರಿಸಿ ವೆಲ್ಡಿಂಗ್ ಅಂಗಡಿಗೆ ಓಡಿದ.

ಅಂಗಡಿಯ ಒಡತಿ ಸುಟ್ಟುಹೋದ ತನ್ನ ವೆಲ್ಡಿಂಗ್ ಮಿಷನ್ನಿನ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತುತ್ತಿದ್ದಳು. ಕರೆಂಟು ಒಳಬರುವ ಕಡೆ ಇನ್ನೂರನಲವತ್ತು ಸುತ್ತು. ಹೊರಹೋಗುವ ಕಡೆ ದಪ್ಪ ತಂತಿಯನ್ನು ಮೂವತ್ತೇ ಸುತ್ತು ಸುತ್ತಿ, ವೆಲ್ಡಿಂಗ್ ಕಡ್ಡಿ ತರಲು ಒಳಗೆ ಹೋದಳು. ಮೂವತ್ತರಲ್ಲಿ ಎಲ್ಲಿಯ ಬಲ ಎಂದುಕೊಂಡ ನೀರುಗಂಟಿ. ಉಳಿದ ತಂತಿಯನ್ನು ಸದ್ದಿಲ್ಲದೆ ಇನ್ನೂ ಹತ್ತು ಸುತ್ತು ಬಿಗಿದ.

ಒಡತಿ ಬಂದು ಸರಳಿಗೆ ಕಡ್ಡಿ ತಾಗಿಸಿದಳು, ಕಿಡಿ ಹಾರಿತು. ಆದರೆ ಬೆಸುಗೆ ಸರಳಿನ ಮೇಲೆ ಮೆತ್ತಿಕೊಂಡಿತೇ ಹೊರತು ಒಳಗಿಳಿಯಲಿಲ್ಲ. ಎತ್ತಿದೊಡನೆ ಸರಳು ಮತ್ತೆ ಎರಡಾಯಿತು. ಒಡತಿ ಮೀಟರ್ ಹಿಡಿದು ನೋಡಿದಳು. ಐವತ್ತು ಇರಬೇಕಾದಲ್ಲಿ ಅರವತ್ತಾರು ವೋಲ್ಟ್ ಇತ್ತು.

“ಸುತ್ತು ಹೆಚ್ಚು ಹಾಕಿದ್ಯಾರು?”

“ನಾನೇ ಕಣಮ್ಮ. ಬಲ ಬರಲಿ ಅಂತ.”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. “ಒಳಗೆ ಬರೋದು ನಾನೂರು ವೋಲ್ಟು, ಇಪ್ಪತ್ತೈದು ಆಂಪಿಯರ್. ಎರಡನ್ನೂ ಗುಣಿಸಿ, ಹೊರಗಿನ ವೋಲ್ಟಿನಿಂದ ಭಾಗ ಮಾಡಿ ನೋಡಣ್ಣ. ಅಷ್ಟೇ ಆಂಪಿಯರ್ ಹೊರಗೆ ಬರೋದು. ಮಿಷನ್ನು ತಾನು ತಿನ್ನೋದು ಅಷ್ಟಿಷ್ಟು, ಬಿಡು. ಸುತ್ತು ಹೆಚ್ಚಿದಷ್ಟೂ ವೋಲ್ಟು ಏರುತ್ತೆ, ವೋಲ್ಟು ಏರಿದಷ್ಟೂ ಕರೆಂಟು ಇಳಿಯುತ್ತೆ. ಕಬ್ಬಿಣ ಕರಗಿಸೋದು ಕರೆಂಟು. ಈ ಸರಳಿಗೆ ಇನ್ನೂರು ಬೇಕು.”

ನೀರುಗಂಟಿ ನೆಲದ ಮೇಲೆ ಗೀಚಿದ. ಹತ್ತು ಸಾವಿರವನ್ನು ಅರವತ್ತಾರರಿಂದ ಭಾಗಿಸಿದ, ನೂರೈವತ್ತೊಂದು ಬಂತು. ಐವತ್ತರಿಂದ ಭಾಗಿಸಿದ, ಇನ್ನೂರು. ನಂಬಿಕೆಯಾಗದೆ ಮತ್ತೊಮ್ಮೆ ಭಾಗಿಸಿದ. ಇನ್ನೂರೇ! ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ತಾನೇ ಕೂತು ಆ ಹತ್ತು ಸುತ್ತುಗಳನ್ನು ಬಿಚ್ಚಿದ.

ಈ ಸಲ ಕಬ್ಬಿಣ ಕರಗಿ ಕಬ್ಬಿಣದೊಳಗೆ ಬೆರೆಯಿತು. ಹೊತ್ತು ಮುಳುಗುವ ಮೊದಲೇ ತೂಬಿನ ಬಾಗಿಲು ದಡಾರನೆ ಇಳಿಯಿತು. ಅರ್ಧ ಕೆರೆ ಉಳಿಯಿತು, ಪೈರಿಗೆ ಅಷ್ಟು ಸಾಕಿತ್ತು. ಏರಿಯ ಮೇಲೆ ಸೇರಿದ್ದ ಜನ ನೀರುಗಂಟಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಮೇಲಿನಿಂದಲೇ “ಇನ್ನೂರು! ಇನ್ನೂರು!” ಎಂದು ಕೂಗಿದ. ಯಾರಿಗೂ ಏನೂ ಅರ್ಥವಾಗಲಿಲ್ಲ. ಆದರೂ ಎಲ್ಲರೂ ಗಂಟಲು ಹರಿಯುವಂತೆ ಹಾಗೆಯೇ ಕೂಗಿದರು.

ಕತೆ ಮುಗಿದರೂ ಮರುಳಯ್ಯನ ಮುಖದ ಊತ ಇಳಿದಿರಲಿಲ್ಲ. “ಕೆರೆಯೇನೋ ಉಳಿಯಿತು, ಗುರುಗಳೇ. ಆದರೆ ನನ್ನ ಮಾತು ಕೇಳುತ್ತಿದ್ದ ಸಾವಿರ ಜನ ಹನ್ನೊಂದಾದರಲ್ಲ?” ಎಂದ.

“ಆ ಸಾವಿರದಲ್ಲಿ ಒಬ್ಬರ ಹೆಸರು ಹೇಳು,” ಎಂದರು ಗುರುಗಳು.

ಮರುಳಯ್ಯ ಎದ್ದ, ಹನ್ನೊಂದು ಮಂದಿಯ ಹೆಸರು ಕೇಳಿಕೊಳ್ಳಲು ಕೂಲಿಯವರ ಕಡೆ ನಡೆದ.