ಬಂಡೆಯ ಮೇಲೆ ಬರೆಸಿದ ಹೆಸರು

"ಗುರುಗಳೇ, ನನ್ನ ಇಮೇಲ್ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಹಾಕಿದ್ದೆ. ಈಗ ಬೇಡದ ಪತ್ರಗಳು ಸುರಿಯುತ್ತಿವೆ. ಬೇಡವೆಂದು ಉತ್ತರ ಬರೆದರೆ ಇನ್ನೂ ಹೆಚ್ಚುತ್ತವೆ. ಅವುಗಳ ನಡುವೆ ಬೇಕಾದವರ ಪತ್ರವೇ ಕಾಣದಾಗಿದೆ. ಏನು ಮಾಡಲಿ?" ಎಂದು ಶಿಷ್ಯ ಮರುಳಯ್ಯ ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ನಡುಗಡ್ಡೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಹೊಳೆಯ ಮೇಲೆ ಸದಾ ಮಂಜು. ದಡದಲ್ಲಿ ನಿಂತರೆ ಅವಳ ಗುಡಿಸಲು ಕಾಣುತ್ತಿರಲಿಲ್ಲ. ಬಸುರಿಯರಿರುವ ಮನೆಗೆ ಅವಳೇ ಹೋಗಿ, ತನ್ನನ್ನು ಕರೆಯಬೇಕಾದ ಹೆಸರನ್ನು ಕಿವಿಯಲ್ಲಿ ಹೇಳಿ ಬರುತ್ತಿದ್ದಳು. ನೋವು ಕಾಣಿಸಿಕೊಂಡಾಗ ಮನೆಯವರು ದಡಕ್ಕೆ ಬಂದು "ಗುಬ್ಬಿಯವ್ವಾ" ಎಂದು ಕೂಗುವರು. ಕರೆ ನೀರಿನ ಮೇಲೆ ತೇಲಿಹೋಗುವುದು. ಮಂಜಿನೊಳಗಿಂದ ಹರಿಗೋಲು ಮೂಡಿ ಬರುವುದು.

ಒಬ್ಬ ವರ್ತಕ ಅವಳಿಗೆ ಹೇಳಿದನು: "ಇಂಥ ಕೈಗುಣ ಇಟ್ಟುಕೊಂಡು ಹೆಸರನ್ನು ಬಚ್ಚಿಡುವುದೇ? ದಡದ ಬಂಡೆಯ ಮೇಲೆ ಬರೆಸು. ಊರೂರಿಗೂ ಗೊತ್ತಾಗಲಿ."

ಅವಳಿಗೆ ಆ ಮಾತು ಹಿತವಾಯಿತು. ಸುಣ್ಣದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿದಳು.

ಅಂದಿನಿಂದ ದಾರಿಹೋಕರೆಲ್ಲ ಓದಿದರು, ಓದಿದವರೆಲ್ಲ ಕೂಗಿದರು. ಬಳೆ ಮಾರುವವನು ಕೂಗಿದನು. ತಾಯಿತ ಕಟ್ಟುವವನು ಕೂಗಿದನು. ದೂರದ ಅರಸನೊಬ್ಬ ನಿನಗೆ ನಿಧಿ ಬಿಟ್ಟುಹೋಗಿದ್ದಾನೆ, ಗುರುತಿಗೆ ನಿನ್ನ ಮೂಗುತಿ ತಂದು ತೋರಿಸು ಎಂದು ಇನ್ನೊಬ್ಬ ಕೂಗಿದನು. ಮೊದಮೊದಲು ಅವಳು ಎಲ್ಲ ಕರೆಗೂ ಹುಟ್ಟು ಹಾಕಿ ದಡಕ್ಕೆ ಬಂದಳು. ಬಳಿಕ ನಡುಗಡ್ಡೆಯಿಂದಲೇ "ಬೇಡ, ಬೇಡ" ಎಂದು ಕೂಗಿದಳು. ಕೂಗಿದ್ದರಿಂದ ಒಳಗೆ ಕೇಳುವವರಿದ್ದಾರೆ ಎಂಬುದು ಅವರಿಗೆ ಖಾತ್ರಿಯಾಯಿತು. ಅವರು ತಮ್ಮಂಥವರಿಗೂ ಹೇಳಿದರು. ಹಕ್ಕಿಗಳು ಕೂಡ ಆ ಹೆಸರನ್ನೇ ಉಲಿಯುತ್ತಿವೆ ಎಂದು ಅವಳಿಗೆ ಅನಿಸತೊಡಗಿತು. ಕೊನೆಗೆ ಕಿವಿಗೆ ಅರಳೆ ತುರುಕಿಕೊಂಡಳು.

ಒಂದು ಬೆಳಿಗ್ಗೆ ಸೌದೆ ತರಲು ದಡಕ್ಕೆ ಬಂದಾಗ, ಒಬ್ಬ ನೇಕಾರ ಮರಳಿನಲ್ಲಿ ಕುಳಿತಿದ್ದನು. ಅವನ ಹೆಂಡತಿಯ ಕಿವಿಯಲ್ಲಿ ಸೂಲಗಿತ್ತಿಯೇ ಹೆಸರು ಹೇಳಿ ಬಂದಿದ್ದಳು.

"ನಿನ್ನೆ ಇಡೀ ದಿನ ಕರೆದೆ, ಅವ್ವಾ," ಎಂದನು. "ತಾಯಿ ಉಳಿದಳು. ಕೂಸು ಉಳಿಯಲಿಲ್ಲ."

"ಅರಳೆಯೊಳಗಿಂದಲೂ ಕೂಗು ಕೇಳಿಸಿತಪ್ಪಾ," ಎಂದಳು ಅವಳು. "ನಿನ್ನದೆಂದು ತಿಳಿಯಲಿಲ್ಲ."

ನೇಕಾರ ಎದ್ದು ಹೋದನು. ಅವಳು ಕೈಯಿಂದಲೇ ಬಂಡೆಯನ್ನು ತಿಕ್ಕಿದಳು, ಬೆರಳು ಸುಲಿಯುವವರೆಗೆ. ಅಕ್ಷರ ಅಳಿಸಿತು, ಕೂಗು ನಿಲ್ಲಲಿಲ್ಲ. ಬಂಡೆಯಿಂದ ಬಾಯಿಗೆ ಹೋದದ್ದು ಬಂಡೆಗೆ ಮರಳುವುದಿಲ್ಲ.

ಆಗ ಅವಳು ಆ ಹೆಸರನ್ನೇ ಬಿಟ್ಟಳು. ಯಾರು ಎಷ್ಟು ಸವಿಯಾಗಿ ಕರೆದರೂ ತಿರುಗಿ ನೋಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹೊಸ ಹೆಸರೊಂದನ್ನು ಇಟ್ಟುಕೊಂಡು, ಮೊದಲಿನಂತೆ ಮನೆಮನೆಗೆ ಹೋಗಿ, "ಇದು ನಿನಗೆ ಮಾತ್ರ, ತಾಯಿ, ಸಂತೆಯಲ್ಲಿ ಆಡಬೇಡ," ಎಂದು ಕಿವಿಯಲ್ಲಿ ಹೇಳಿದಳು. ಅದು ಏನೆಂದು ನನಗೂ ಗೊತ್ತಿಲ್ಲ. ಎಣ್ಣೆ ಕೊಡುವವನಿಗೆ ಒಂದು ಹೆಸರು, ಅಕ್ಕಿ ಕೊಡುವವನಿಗೆ ಬೇರೊಂದು ಹೆಸರು ಕೊಟ್ಟಳು. ಒಮ್ಮೆ ಗುರುತಿಲ್ಲದವನೊಬ್ಬ ಎಣ್ಣೆಯವನಿಗೆ ಕೊಟ್ಟ ಹೆಸರು ಹಿಡಿದು ಕೂಗಿದಾಗ, ಮಾತು ಯಾವ ಬಾಯಿಂದ ಸೋರಿತೆಂದು ತಿಳಿಯಿತು. ಆ ಒಂದು ಹೆಸರನ್ನು ಮಾತ್ರ ಕೈಬಿಟ್ಟಳು. ಅಪರಿಚಿತರು ಬಂದರೆ ದಡದಲ್ಲಿ ಅವಳು ಗೊತ್ತುಮಾಡಿದ ಅಂಬಿಗನೊಬ್ಬನ ಬಳಿ ಹೇಳಿಹೋಗಬೇಕು. ಅವನು ಜೊಳ್ಳು ತೂರಿ ಕಾಳನ್ನಷ್ಟೇ ಅವಳಿಗೆ ಮುಟ್ಟಿಸುವನು.

ಹಳೆಯ ಹೆಸರಿನ ಕೂಗುಗಳು ಉತ್ತರ ಸಿಗದೆ ಒಂದೊಂದಾಗಿ ಸೋತವು. ಹೊಳೆ ಮತ್ತೆ ತನ್ನಷ್ಟಕ್ಕೆ ತಾನು ಹರಿಯಿತು. ಅವಳು ಕಿವಿಯ ಅರಳೆ ತೆಗೆದಳು. ಒಂದು ಮುಂಜಾನೆ ಮಂಜಿನ ಆಚೆಯಿಂದ ಕನಸಿನಲ್ಲೆಂಬಂತೆ ಸಣ್ಣ ದನಿಯೊಂದು ಕರೆಯಿತು. ಆ ಕರೆ ಮುಗಿಯುವ ಮೊದಲೇ ಅವಳು ಹರಿಗೋಲಿನಲ್ಲಿದ್ದಳು. ಆ ದಿನ ಒಂದು ಹೆಣ್ಣುಕೂಸು ಹುಟ್ಟಿತು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನೂ ಹೊಸ ವಿಳಾಸ ಮಾಡಿಕೊಳ್ಳುತ್ತೇನೆ," ಎಂದನು ಮರುಳಯ್ಯ. "ಅದನ್ನು ಯಾರು ಯಾರಿಗೆ ಕೊಡಲಿ, ಗುರುಗಳೇ?"

"ಯಾರ ಕರೆ ಕೇಳಿಸದೇ ಹೋದರೆ ನಿನಗೆ ಅನ್ನ ಸೇರದೋ, ಅವರಿಗೆ."