ಟೆಂಟಿನ ಎದುರು ಮನೆ

ಅದು ಎಂದಿನಂಥದೇ ಒಂದು ಬುಧವಾರ. ನಂಜುಂಡಯ್ಯ ಮೇಷ್ಟ್ರು ಆರನೇ ತರಗತಿಯ ಮಕ್ಕಳಿಗೆ ‘ಇನ್ ಫ್ರಂಟ್ ಆಫ್’ ಬಳಸುವುದನ್ನು ಕಲಿಸುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರದು ಒಂದೇ ಉದಾಹರಣೆ: ‘ಮೈ ಹೌಸ್ ಈಸ್ ಇನ್ ಫ್ರಂಟ್ ಆಫ್ ದ ಟೆಂಟ್.’ ನಮ್ಮ ಮನೆ ಟೆಂಟಿನ ಎದುರಿಗಿದೆ.

ಟೆಂಟು ಎಂದರೆ ಸಿನಿಮಾ ಟೆಂಟು. ಅದನ್ನು ಕಿತ್ತು ಹನ್ನೆರಡು ವರ್ಷವಾಗಿತ್ತು. ಆ ಜಾಗದಲ್ಲಿ ಈಗ ಗೊಬ್ಬರದ ಗೋಡೌನು. ಆದರೂ ಊರಿನವರ ಬಾಯಲ್ಲಿ ಅದು ಟೆಂಟೇ. ಬಸ್ಸಿನ ಕಂಡಕ್ಟರ್ ಕೂಡ “ಟೆಂಟು ಯಾರ್ರೀ, ಇಳೀರಿ” ಎನ್ನುತ್ತಿದ್ದ.

ಬೇರೆ ಊರಿನಿಂದ ಬಂದು ಸೇರಿದ್ದ ಶಾಹಿನಾ ಎದ್ದು ನಿಂತಳು. “ಸಾರ್, ಅಲ್ಲಿ ಟೆಂಟೇ ಇಲ್ಲವಲ್ಲ?”

“ವಾಕ್ಯ ಸರಿಯಾಗಿದೆ ತಾನೆ? ಕೂತ್ಕೊಳಮ್ಮ. ಟೆಂಟು ಹುಡುಕಿಕೊಂಡು ಯಾರು ಬರ್ತಾರೆ?” ಎಂದರು ಮೇಷ್ಟ್ರು. ತರಗತಿ ನಕ್ಕಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಹೆಂಡತಿ ಸರ್ವಮಂಗಳಾ ಅಡುಗೆಮನೆಯಲ್ಲಿ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು. ಮಾತು ಹೊರಡುತ್ತಿರಲಿಲ್ಲ. ಮೇಷ್ಟ್ರು ಆಂಬುಲೆನ್ಸಿಗೆ ಫೋನು ಮಾಡಿ ಊರಿನ ಹೆಸರು ಹೇಳಿದರು. “ಟೆಂಟಿನ ಎದುರು ಮನೆ. ಬೇಗ ಬನ್ನಿ.”

ಸೈರನ್ ಸದ್ದು ಹತ್ತಿರ ಬಂತು. ಒಂದು ಗಳಿಗೆ ನಿಂತಂತಾಯಿತು. ಹೆಂಡತಿಯ ತಲೆಯನ್ನು ತೊಡೆಯಿಂದ ಮೆಲ್ಲಗೆ ಇಳಿಸಿ ಅವರು ಬಾಗಿಲಿಗೆ ಬರುವಷ್ಟರಲ್ಲಿ ಅದು ದೂರವಾಗಿತ್ತು. ಉರಿಬಿಸಿಲು. ರಸ್ತೆಯಲ್ಲಿ ದಾರಿ ಹೇಳಲು ಒಬ್ಬರೂ ಇರಲಿಲ್ಲ.

ಮತ್ತೆ ಫೋನು ಮಾಡಿದರೆ ‘ಗಾಡಿ ಹೊರಟಿದೆ’ ಎಂದಷ್ಟೇ ಹೇಳಿದರು. ಅರ್ಧ ಗಂಟೆಯ ಮೇಲೆ ಡ್ರೈವರ್ ಫೋನು ಮಾಡಿದ; ಅವನು ಈ ಊರಿಗೆ ಹೊಸಬ. “ಸಾರ್, ಪಕ್ಕದೂರಿನವರೆಗೂ ಹೋಗಿ ಬಂದೆ. ಟೆಂಟು ಎಲ್ಲೂ ಕಾಣ್ತಿಲ್ಲ. ಇಲ್ಲಿ ಬರೀ ಒಂದು ಗೋಡೌನಿದೆ.”

“ಅದೇ ಕಣಪ್ಪ ಟೆಂಟು,” ಎಂದರು ಮೇಷ್ಟ್ರು.

ಆಸ್ಪತ್ರೆಯಲ್ಲಿ ಡಾಕ್ಟರು, “ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ…” ಎಂದರು. ಸರ್ವಮಂಗಳಾ ಮನೆಗೆ ಮರಳಲಿಲ್ಲ.

ಹದಿನೈದು ದಿನ ಕಳೆದು ಮೇಷ್ಟ್ರು ಶಾಲೆಗೆ ಬಂದರು. ಅದೇ ಪಾಠ ತೆಗೆದರು. ಮಕ್ಕಳನ್ನೆಲ್ಲ ತಮ್ಮ ಮನೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

“ಶಾಹಿನಾ, ಎದುರಿಗೆ ಏನು ಕಾಣುತ್ತಮ್ಮ?”

ಅವಳು ತಲೆ ತಗ್ಗಿಸಿದಳು. “ಗೋಡೌನು ಸಾರ್.”

“ಎಲ್ಲರೂ ಹಾಗೇ ಬರ್ಕೊಳ್ಳಿ. ಅವತ್ತು ನಾನು ಹೇಳಿಕೊಟ್ಟಿದ್ದು ತಪ್ಪು.”

ನೀತಿ: ಜಾಗ ಹೇಳುವಾಗ ವಾಕ್ಯ ಸರಿಯಾಗಿದ್ದರೆ ಸಾಲದು. ನಮ್ಮ ನೆನಪಿನಲ್ಲಿ ಇರುವುದು ಬರುವವರ ಕಣ್ಣಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದನ್ನೇ ಹೇಳಬೇಕು. ಆಂಬುಲೆನ್ಸು ಮೊದಲ ಸಲ ನಿಂತ ಜಾಗದಿಂದ ಮೇಷ್ಟ್ರ ಮನೆ ಬಾಗಿಲಿಗೆ ಹದಿನಾಲ್ಕು ಹೆಜ್ಜೆ.