ಬಿಳಿಸೀರೆ ಗುಡ್ಡ

ಹಾಲಗೊಂಡಿಗೂ ಕೆಂಚನಾಳಕ್ಕೂ ನಡುವೆ ಇರುವ ಬೋಳುಗುಡ್ಡವನ್ನು ಬಿಳಿಸೀರೆ ಗುಡ್ಡ ಎನ್ನುತ್ತಾರೆ. ದೇವಿಯ ಪವಾಡದಿಂದ ಆ ಹೆಸರು ಬಂತೆಂದು ಕೆಲವರು ಬರೆದಿದ್ದಾರೆ. ಸುಳ್ಳು. ಅಲ್ಲಿ ನಡೆದದ್ದು ಹೊಟ್ಟೆಕಿಚ್ಚು.

ಹಿಂದೆ ಒಮ್ಮೆ ಹಾಲಗೊಂಡಿಗೆ ಪ್ಲೇಗು ಬಂತು. ಸರ್ಕಾರ ಸಂತೆ ಮುಚ್ಚಿಸಿತು. ನೇಕಾರರ ಹೊಟ್ಟೆಗೇನು ಎಂದು ಕೇಳಲಿಲ್ಲ. ಉಗ್ರಾಣ ತುಂಬಿದ್ದ ಸಾಹುಕಾರರು ಬಾಗಿಲು ಹಾಕಿಕೊಂಡು ಉಂಡರು. ಗಿರಾಕಿಗಳೆಲ್ಲ ರೋಗವಿಲ್ಲದ ಕೆಂಚನಾಳದ ಸಂತೆಗೆ ಹೋದರು. ನೇಕಾರಗಿತ್ತಿ ಬಾಳವ್ವ ಮನೆಯ ಪಾತ್ರೆಗಳನ್ನೆಲ್ಲ ಮಾರಿದ್ದಳು, ಉಳಿದದ್ದು ಮಗ್ಗವೊಂದೇ. ಅವಳು ದಿನವೂ ಗುಡ್ಡ ಹತ್ತಿ ಆ ಸಂತೆಯನ್ನು ನೋಡಿ ಕುದಿಯುತ್ತಿದ್ದಳು. ಉಗ್ರಾಣದ ಕಡೆಗೆ ಮಾತ್ರ ಅವಳ ಕಣ್ಣು ಹೋಗಲಿಲ್ಲ. ಬಡವರ ಹೊಟ್ಟೆಕಿಚ್ಚು ಯಾವಾಗಲೂ ಪಕ್ಕದ ಬಡವನ ಮೇಲೆಯೇ!

ರೋಗ ಬಂದಾಗ, ಅದೂ ಜೊತೆಗೆ ತೊಲಗಲೆಂದು, ಊರದೇವಿ ಮಾರೆವ್ವನ ಕಟ್ಟಿಗೆಯ ಮೂರ್ತಿಯನ್ನು ಊರ ಸೀಮೆಗೆ ಒಯ್ದು, ಜನರಿಲ್ಲದ ಕಡೆ ಬಿಟ್ಟು ಬರುವುದು ಅಲ್ಲಿಯ ಪದ್ಧತಿ. ಎಲ್ಲರೂ ಗುಡ್ಡದ ಮೇಲೆ ಮೂರ್ತಿ ಇಳಿಸುವಾಗ ಬಾಳವ್ವ ತಡೆದಳು.

"ಇಲ್ಲ್ಯಾಕ ಇಳಸ್ತೀರಿ? ನಮ್ಮ ಗಿರಾಕಿ ನುಂಗಿ ಹೆಂಗ ಉಬ್ಬ್ಯಾರ ನೋಡ್ರಿ! ಅವರ ಸಂತಿಗೇ ಒಯ್ಯೋಣು."

"ಮಂದಿ ನಡಬರಕ ಬಿಡೂ ಪದ್ಧತಿ ಇಲ್ಲಬೇ ಯಕ್ಕಾ," ಎಂದ ಪೂಜಾರಿ ದುರಗಪ್ಪ.

"ಪದ್ಧತಿ ನನಗ ರೊಟ್ಟಿ ಹಾಕ್ತೈತೇನೋ?"

ರೋಗದ ಮನೆಗಳಿಂದ ಎದ್ದು ಬಂದ ಆ ಗುಂಪು ಕೆಂಚನಾಳದ ಸಂತೆಗೆ ನುಗ್ಗಿ, ಮೂರ್ತಿಯನ್ನು ಅಲ್ಲೇ ಇಳಿಸಿ ಬಂತು. ಸ್ವಲ್ಪ ದಿನಗಳಲ್ಲೇ ಅಲ್ಲಿಯೂ ಹೆಣ ಬಿದ್ದವು, ಸಂತೆ ಮುಚ್ಚಿತು. ಆಗ ಬಾಳವ್ವನ ಬಣ್ಣದ ನೂಲು ಮುಗಿಯಿತು. ಸುತ್ತಲಿನ ಮಗ್ಗಗಳಿಗೆಲ್ಲ ನೂಲಿಗೆ ಬಣ್ಣ ಹಾಕುತ್ತಿದ್ದವರು ಕೆಂಚನಾಳದವರೇ. ನೂಲು ಹೊತ್ತು ಹೋದರೆ, ಬಣ್ಣಗಾರ ಗಂಡನನ್ನು ಕಳೆದುಕೊಂಡಿದ್ದ ಸಿದ್ಲವ್ವ ಹೊಸ್ತಿಲಲ್ಲೇ ನಿಲ್ಲಿಸಿದಳು.

"ನಮ್ಮ ಸಂತಿ ನೋಡಿ ಉರಕೊಂಡಿದ್ದೆಲ್ಲ ಯಕ್ಕಾ, ತಣ್ಣಗಾತೇನು? ಹೋಗು, ಬಿಳೇದ ನೇಯಿ. ಉಡಾಕ ನಾವು ಅದೀವಿ."

ಬಾಳವ್ವ ಬಿಳಿಯದನ್ನೇ ನೇಯ್ದಳು. ಆ ವರ್ಷ ಬಿಳಿ ಸೀರೆ ಉಡುವವರಿಗೆ ಎರಡೂ ಊರಲ್ಲಿ ಕೊರತೆ ಇರಲಿಲ್ಲ. ಕೊಳ್ಳುವ ಕಾಸು ಯಾರ ಕೈಯಲ್ಲೂ ಇರಲಿಲ್ಲ. ಉಗ್ರಾಣದ ಸಾಹುಕಾರನೊಬ್ಬನ ಆಳುಗಳು ಒಂದು ಚೀಲ ಜೋಳ ಇಳಿಸಿ ಮಗ್ಗ ಹೊತ್ತೊಯ್ದರು. ಅದರಲ್ಲಿ ಅರ್ಧ ಜೋಳವನ್ನು ಬಾಳವ್ವ ಸಿದ್ಲವ್ವನ ಹೊಸ್ತಿಲಲ್ಲಿ ಸುರಿದು, ಮಾರೆವ್ವನನ್ನು ತಾನೊಬ್ಬಳೇ ಹೊತ್ತು ತಂದು ಗುಡ್ಡದ ಮೇಲೆ ಕೂರಿಸಿ, ಕೊನೆಯ ಸೀರೆ ಉಡಿಸಿದಳು ಎನ್ನುತ್ತಾರೆ.

ಇಂದಿಗೂ ಅಲ್ಲಿ ದೇವಿಗೆ ಬಿಳಿ ಸೀರೆಯೇ. ಅರಿಯದವರು ಕೆಂಪು ಸೀರೆ ತಂದರೆ ಪೂಜಾರಿ ಮುಟ್ಟುವುದಿಲ್ಲ. "ಕೆಂಚನಾಳದಾಗ ಬಣ್ಣ ಹಾಕಿಸ್ಕೊಂಡ ಬರ್ರಿ, ಉಡಸ್ತೀನಿ," ಎನ್ನುತ್ತಾನೆ. ಕೆಳಗಿಳಿದು ಹೋದವರಿಗೆ ಅಲ್ಲಿ ಕಾಣುವುದು ಮುಳ್ಳು ಬೆಳೆದ ಬಣ್ಣದ ಗುಂಡಿಗಳು.